ಟೈಮ್‌ಸ್ಟ್ಯಾಂಪ್ ಅಂದರೆ ಏನು?

ಜಾವಾಸ್ಕ್ರಿಪ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ‘ಡೇಟ್.ನೌ’ ಅಂತ ಕೇಳಿದರೆ ದಿನ, ತಿಂಗಳು, ವರ್ಷ ಬರುವುದಿಲ್ಲ. 13 ಅಂಕಿಗಳ ಒಂದು ಸಂಖ್ಯೆ ಬರುತ್ತದೆ. ಅದೇ ಟೈಮ್‌ಸ್ಟ್ಯಾಂಪ್. 1970ರ ಜನವರಿ 1 ಶುರುವಾದ ಗಳಿಗೆಯಿಂದ, ಅಂದರೆ ಯುಟಿಸಿ (ಜಗತ್ತಿಗೆಲ್ಲ ಆಧಾರವಾದ ಪ್ರಮಾಣಿತ ಸಮಯ) ಪ್ರಕಾರ ಮಧ್ಯರಾತ್ರಿಯಿಂದ, ಇಲ್ಲಿಯವರೆಗೆ ಎಷ್ಟು ಮಿಲಿಸೆಕೆಂಡ್ ಕಳೆದಿದೆ ಅನ್ನುವ ಎಣಿಕೆ ಅದು. ಆ ಮೊದಲ ಗಳಿಗೆಗೆ ಎಪಾಕ್ ಎನ್ನುತ್ತಾರೆ. ಅದಕ್ಕಿಂತ ಹಿಂದಿನದೆಲ್ಲ ಮೈನಸ್ ಸಂಖ್ಯೆ.

ಪಿಎಚ್‌ಪಿ, ಪೈಥಾನ್ ಭಾಷೆಗಳು ಇದೇ ಎಣಿಕೆಯನ್ನು ಸೆಕೆಂಡುಗಳಲ್ಲಿ ಕೊಡುತ್ತವೆ. ಆ ಸಂಖ್ಯೆಯನ್ನು 1000ದಿಂದ ಗುಣಿಸದೆ ಜಾವಾಸ್ಕ್ರಿಪ್ಟ್‌ಗೆ ಕೊಟ್ಟರೆ ಇವತ್ತಿನ ಆರ್ಡರ್ 1970ರ ಜನವರಿಗೆ ಹೋಗಿ ಕೂರುತ್ತದೆ.

ಟೈಮ್‌ಸ್ಟ್ಯಾಂಪ್‌ಗೆ ಊರಿಲ್ಲ. ಬೆಂಗಳೂರಾಗಲಿ ನ್ಯೂಜೆರ್ಸಿಯಾಗಲಿ, ಆ ಕ್ಷಣಕ್ಕೆ ಸಂಖ್ಯೆ ಒಂದೇ. ಊರಿನ ಗಡಿಯಾರ ಬೇಕಾಗುವುದು ತೋರಿಸುವಾಗ ಮಾತ್ರ. ನಮ್ಮ ಸಮಯ ಯುಟಿಸಿಗಿಂತ ಐದೂವರೆ ಗಂಟೆ ಮುಂದಿದೆ, ಅಲ್ವಾ? ಹಾಗಂತ ಸಂಖ್ಯೆಗೇ ಐದೂವರೆ ಗಂಟೆ ಕೂಡಿಸಬೇಡಿ. ಕೂಡಿಸಿದರೆ ಅದು ಬೇರೆಯೇ ಕ್ಷಣವಾಗುತ್ತದೆ. ‘ಏಷ್ಯಾ/ಕೋಲ್ಕತಾ’ ಅನ್ನುವ ಟೈಮ್‌ಝೋನ್ ಹೆಸರು ಕೊಡಿ, ಉಳಿದದ್ದನ್ನು ಭಾಷೆಯೇ ನೋಡಿಕೊಳ್ಳುತ್ತದೆ.

ಸೆಕೆಂಡಿನ ಎಣಿಕೆಯನ್ನು 32 ಬಿಟ್‌ನಲ್ಲಿ, ಅಂದರೆ 32 ಸೊನ್ನೆ-ಒಂದುಗಳ ಜಾಗದಲ್ಲಿ, ಇಡುವ ಕಡೆ ಮಿತಿಯೂ ಇದೆ: 2,14,74,83,647. ಇದು ತುಂಬುವುದು 2038ರ ಜನವರಿ 19ರಂದು, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 8:44ಕ್ಕೆ. ಮೈಎಸ್‌ಕ್ಯೂಎಲ್ ಡೇಟಾಬೇಸ್‌ನ ಟೈಮ್‌ಸ್ಟ್ಯಾಂಪ್ ಕಾಲಂ ಇದಕ್ಕೆ ಉದಾಹರಣೆ. ಇಪ್ಪತ್ತು ವರ್ಷದ ಸಾಲದ ಕಂತು ಲೆಕ್ಕ ಹಾಕುವವರು ಈಗಲೇ ಗಮನಿಸಬೇಕು.

ನನ್ನ ಪ್ರಕಾರ ಜಾಸ್ತಿ ತೊಂದರೆ ಕೊಡುವುದು ಹುಟ್ಟಿದ ದಿನ. ಅದು ಒಂದು ಕ್ಷಣವಲ್ಲ, ಕ್ಯಾಲೆಂಡರಿನ ಒಂದು ತಾರೀಖು. ಜಾವಾಸ್ಕ್ರಿಪ್ಟ್‌ನ ‘ಡೇಟ್’ಗೆ ವರ್ಷ, ತಿಂಗಳು, ದಿನದ ಅಂಕಿ ಕೊಟ್ಟು 1990ರ ಜೂನ್ 10 ಅಂತ ಮಾಡಿದಿರಿ ಎನ್ನಿ. (ಜೂನ್‌ಗೆ 5 ಅಂತ ಬರೆಯಬೇಕು, ಜಾವಾಸ್ಕ್ರಿಪ್ಟ್‌ನಲ್ಲಿ ತಿಂಗಳು ಸೊನ್ನೆಯಿಂದ ಶುರು.) ಕಂಪ್ಯೂಟರ್ ಅದನ್ನು ನಮ್ಮ ಮಧ್ಯರಾತ್ರಿ ಎಂದುಕೊಳ್ಳುತ್ತದೆ. ಅದನ್ನು ಪಠ್ಯವಾಗಿಸುವ ‘ಟು ಐಎಸ್ಒ ಸ್ಟ್ರಿಂಗ್’ ಕರೆದರೆ ಯುಟಿಸಿಗೆ ಬದಲಾಗಿ ಜೂನ್ 9, ಸಂಜೆ 6:30 ಎಂದು ಬರುತ್ತದೆ. ಅದರ ತಾರೀಖಿನ ಭಾಗವನ್ನಷ್ಟೇ ಕತ್ತರಿಸಿ ಉಳಿಸಿದರೆ ಒಂದು ದಿನ ಹೋಯಿತು.

ಹಾಗಾಗಿ ಹಣ ಪಾವತಿಯಾದ ಹೊತ್ತು, ಲಾಗಿನ್ ಆದ ಹೊತ್ತುಗಳಿಗೆ ಟೈಮ್‌ಸ್ಟ್ಯಾಂಪ್ ಇಡಿ. ಹುಟ್ಟಿದ ದಿನವನ್ನು ‘1990-06-10’ ಎಂದು ಸುಮ್ನೆ ಪಠ್ಯವಾಗಿ ಇಡಿ. ತೋರಿಸುವಾಗಲೂ ಡೇಟ್‌ಗೆ ಕೊಡಬೇಡಿ. ಜಾವಾಸ್ಕ್ರಿಪ್ಟ್ ಈ ರೂಪದ ಪಠ್ಯವನ್ನು ಯುಟಿಸಿ ಮಧ್ಯರಾತ್ರಿ ಎಂದು ಓದುತ್ತದೆ, ಆಗ ಅಮೆರಿಕದಲ್ಲಿರುವವರಿಗೆ ಜೂನ್ 9 ಕಾಣುತ್ತದೆ.