ಗಾಡಿಗೆ ಹಾಕುವ ಮುಂಚಿನ ಎರಡು ನಿಮಿಷ

ಮೇ ತಿಂಗಳ ಮಧ್ಯಾಹ್ನ, ಜೇವರ್ಗಿ ರಸ್ತೆ ಅಂದ್ಕೊಳ್ಳಿ. ಬೇವಿನ ಮರದ ಕೆಳಗೆ ಒಬ್ಬರು ಬಿದ್ದಿದ್ದಾರೆ. 'ಬಿಸಲು ಬಡದದ' ಅಂತ ಒಬ್ಬ, 'ಕುಡದಾನ ಬಿಡ್ರಿ' ಅಂತ ಇನ್ನೊಬ್ಬ. ಯಾರೋ ಉಳ್ಳಾಗಡ್ಡಿ ಮೂಸಿಸುತ್ತಿದ್ದಾರೆ. 108 ಬರುತ್ತದೆ. ಇಳಿದ ಸಿಬ್ಬಂದಿ ಮಂಡಿಯೂರಿ ಕೂತು, 'ಕಾಕಾ, ಹೆಸರೇನ್ರಿ?' ಅಂತ ಕೇಳುತ್ತಾರೆ. ಜನಕ್ಕೆ ಸಿಟ್ಟು. 'ಹೆಸರು ಆಮ್ಯಾಗ ಕೇಳ್ರಿ, ಮೊದ್ಲು ಗಾಡ್ಯಾಗ ಹಾಕ್ರಿ!'

ಆ ಪ್ರಶ್ನೆ ಸುಮ್ನೆ ಕೇಳಿದ್ದಲ್ಲ. ಹೆಸರು ಸ್ಪಷ್ಟವಾಗಿ ಹೇಳಿದರೆ ಉಸಿರಿನ ದಾರಿ ಕಟ್ಟಿಲ್ಲ, ಮಾತಾಡುವಷ್ಟು ಉಸಿರಿದೆ, ಮಿದುಳಿಗೆ ರಕ್ತ ಹೋಗುತ್ತಿದೆ. ಒಂದೇ ಉತ್ತರಕ್ಕೆ ಮೂರು ಸಂಗತಿ ಗೊತ್ತಾಯಿತು. ಅಷ್ಟರಲ್ಲಿ ಅವರ ಬೆರಳು ನಾಡಿಯ ಮೇಲೆ, ಕಣ್ಣು ಎದೆಯ ಏರಿಳಿತದ ಮೇಲೆ.

ಯಾವುದು ಮೊದಲು ಅಂತ ನೋಡಿಕೊಳ್ಳುವ ಈ ರೂಢಿ ಹುಟ್ಟಿದ್ದು ಯುದ್ಧಭೂಮಿಯಲ್ಲಿ. ನೆಪೋಲಿಯನ್ ಸೈನ್ಯದ ವೈದ್ಯ ಡೊಮಿನಿಕ್ ಲಾರೆ ಗಾಯಾಳುಗಳ ದರ್ಜೆ ನೋಡಲಿಲ್ಲ, ಗಾಯ ಎಷ್ಟು ಕೆಟ್ಟದ್ದು ಅನ್ನೋದನ್ನು ನೋಡಿದರು. 1950ರ ದಶಕದಲ್ಲಿ ಪೀಟರ್ ಸಫಾರ್ ಮೊದಲು ಉಸಿರಿನ ದಾರಿ, ಆಮೇಲೆ ಉಸಿರು, ಆಮೇಲೆ ರಕ್ತಸಂಚಾರ ಅನ್ನುವ ಕ್ರಮ ಕಲಿಸಿದರು. 1974ರಲ್ಲಿ ಗ್ಲಾಸ್ಗೋದ ಇಬ್ಬರು ವೈದ್ಯರು ಎಚ್ಚರಕ್ಕೂ ಒಂದು ಅಳತೆ ಕೊಟ್ಟರು: ಕಣ್ಣು, ಮಾತು, ಕೈಕಾಲಿನ ಚಲನೆ. ಈಗ ಮೂರೂ ಸೇರಿ ಅಂಕ 3ರಿಂದ 15.

ನನಗೆ ಮರೆಯಲಾಗದ್ದು 1976ರ ಕಥೆ. ಅಮೆರಿಕದ ಮೂಳೆವೈದ್ಯ ಜೇಮ್ಸ್ ಸ್ಟೈನರ್ ಓಡಿಸುತ್ತಿದ್ದ ಚಿಕ್ಕ ವಿಮಾನ ನೆಬ್ರಾಸ್ಕಾದ ಹೊಲದಲ್ಲಿ ಬಿತ್ತು. ಹೆಂಡತಿ ತೀರಿಕೊಂಡರು, ಮಕ್ಕಳಿಗೆ ಗಾಯ. ಹತ್ತಿರದ ಸಣ್ಣ ಊರಿನ ಆಸ್ಪತ್ರೆಗೆ ಹೋದರೆ, ಯಾವುದನ್ನು ಮೊದಲು ನೋಡಬೇಕು ಅನ್ನೋದೇ ಅಲ್ಲಿ ಗೊತ್ತಿರಲಿಲ್ಲ. ಹೊಲದಲ್ಲಿ ತಾನೊಬ್ಬನೇ ಮಾಡಿದ್ದೇ ಮೇಲು ಅನ್ನಿಸಿತು ಅವರಿಗೆ. ಆ ನೋವಿನಿಂದ ಎದ್ದ ತರಬೇತಿ 1978ರಲ್ಲಿ ಶುರುವಾಯಿತು. ಇವತ್ತು ಗಾಯಾಳುಗಳನ್ನು ನೋಡುವ ಕ್ರಮಕ್ಕೆ ಅದೇ ಬುನಾದಿ.

ಕರ್ನಾಟಕಕ್ಕೆ 108 ಬಂದಿದ್ದು 2008ರ ನವೆಂಬರ್ 1ಕ್ಕೆ. ಅದಕ್ಕೂ ಮುಂಚೆ ನಮ್ಮ ಕಡೆ ಟಂಟಂ, ಜೀಪು, ಟ್ರ್ಯಾಕ್ಟರ್, ಸಿಕ್ಕಿದ್ದರಲ್ಲಿ ಹಾಕಿಕೊಂಡು ಓಡೋದೇ ಚಿಕಿತ್ಸೆ. 'ಮೊದ್ಲು ಗಾಡ್ಯಾಗ ಹಾಕ್ರಿ' ಅನ್ನೋದು ಆ ಕಾಲದ ಮಾತು. ತಪ್ಪೇನಿಲ್ಲ, ಜೋರಾಗಿ ರಕ್ತ ಸೋರುವ ಗಾಯವನ್ನು ಒತ್ತಿ ಹಿಡಿದು ಓಡಬೇಕಾದದ್ದೇ. ಆದರೆ ನಮ್ಮ ಬಿಸಿಲಿನ ಲೆಕ್ಕ ಬೇರೆ. ಮೈ 40 ಡಿಗ್ರಿ ಸೆಲ್ಸಿಯಸ್ ದಾಟಿ ಮಾತು ತೊದಲಿದರೆ ಮೊದಲು ಬಟ್ಟೆ ಸಡಿಲಿಸಿ, ನೀರು ಹಾಕಿ, ಗಾಳಿ ಬೀಸಿ ಮೈ ತಣ್ಣಗೆ ಮಾಡಬೇಕು. ಗಾಡಿ ಆಮೇಲೆ.

ಬೇವಿನ ಮರದ ಕೆಳಗಿನ ಕಾಕಾನ ಮೈ ಮಾತ್ರ ಬಿಸಿಯಿಲ್ಲ. ಬೆವರು ಸುರಿಯುತ್ತಿದೆ, ಕೈ ತಣ್ಣಗಿದೆ, ಹೆಸರು ಕೇಳಿದರೆ ಇನ್ನೇನೋ ಅನ್ನುತ್ತಾರೆ. ಬಾಯಿಂದ ಹೆಂಡದ ವಾಸನೆಯೂ ಇಲ್ಲ. ಸಿಬ್ಬಂದಿ ಬೆರಳ ತುದಿಗೆ ಸೂಜಿ ಚುಚ್ಚಿ, ಒಂದು ಹನಿ ರಕ್ತವನ್ನು ಸಕ್ಕರೆ ಅಳೆಯುವ ಪಟ್ಟಿಗೆ ತಾಗಿಸಿ, ಪಕ್ಕದಲ್ಲಿ ನಿಂತ ಹೆಂಡತಿಯತ್ತ ತಿರುಗುತ್ತಾರೆ. 'ಅವ್ವ, ಗುಳಗಿ ಏನರೆ ತಗೋತಾರೇನ್ರಿ?'

'ಸಕ್ಕರಿ ಗುಳಗಿ ಮುಂಜಾನೆ ತಗೊಂಡಾರ್ರಿ. ಕೆಲಸಕ್ಕ ತಡ ಆತಂತ ರೊಟ್ಟಿ ಅಷ್ಟ ಬಿಟ್ಟು ಬಂದಾರ.'