ಕಾಲು ಮುರಿದ ಮೇಲೆ ಸಿಗುತ್ತಿದ್ದ ನಿವೃತ್ತಿ

ಶರ್ಲಿ ಎಂಬ ಹೆಣ್ಣಾನೆ ಹುಟ್ಟಿದ್ದು 1948ರ ಸುಮಾರಿಗೆ, ಸುಮಾತ್ರಾದ ಕಾಡಿನಲ್ಲಿ. ಐದು ವರ್ಷವಾಗುವ ಹೊತ್ತಿಗೆ ಅಮೆರಿಕದ ಸರ್ಕಸ್ಸೊಂದರ ಪಾಲಾಗಿದ್ದಳು. ಕ್ಯೂಬಾದಲ್ಲಿ ಕ್ರಾಂತಿ ನಡೆದಾಗ ತಂಡದ ಜೊತೆ ಅಲ್ಲೇ ಸಿಕ್ಕಿಹಾಕಿಕೊಂಡಳು. 1963ರಲ್ಲಿ ಕೆನಡಾದ ಬಂದರಿನಲ್ಲಿ ಹಡಗಿಗೆ ಬೆಂಕಿ ಬಿದ್ದಾಗ ಹೇಗೋ ಬದುಕಿದಳು. ಸುಟ್ಟ ಗುರುತು ಮೈಮೇಲೆ ಉಳಿಯಿತು. ಆಮೇಲೂ ಆಟ ನಿಲ್ಲಲಿಲ್ಲ. 1970ರ ದಶಕದಲ್ಲಿ ಇನ್ನೊಂದು ಆನೆ ಮೇಲೆ ಬಿದ್ದು ಅವಳ ಹಿಂಗಾಲು ಮುರಿಯಿತು, ಮೂಳೆ ಸೊಟ್ಟಗೆ ಕೂಡಿಕೊಂಡಿತು. ಕೊನೆಗೆ 1977ರಲ್ಲಿ ಅವಳನ್ನು ಲೂಸಿಯಾನಾದ ಒಂದು ಮೃಗಾಲಯಕ್ಕೆ ಕೊಟ್ಟರು. ಅಲ್ಲಿ 22 ವರ್ಷ ಒಂಟಿಯಾಗಿ ಕಳೆದಳು.

ಸರ್ಕಸ್ ಆನೆಗೆ ನಿವೃತ್ತಿ ಅಂದರೆ ಬಹುಕಾಲ ಹೀಗೇ ಇತ್ತು. ವಯಸ್ಸಾಯಿತು ಎಂದು ಬಿಟ್ಟುಕೊಟ್ಟವರು ಕಡಿಮೆ. ಕಾಲು ಹೋಗಬೇಕು, ಇಲ್ಲ ಯಾರನ್ನಾದರೂ ಕೊಲ್ಲಬೇಕು, ಇಲ್ಲ ಕಂಪನಿಯೇ ಮುಚ್ಚಬೇಕು. ಆಗ ಮಾತ್ರ ಬಿಡುಗಡೆ. ಯಾಕೆ ಹೀಗಾಯಿತು ಅಂತ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಆನೆಯನ್ನು ಮೊದಲು ತಂದಿದ್ದು ಆಟ ಆಡಿಸುವುದಕ್ಕಲ್ಲ, ಸುಮ್ನೆ ನಿಲ್ಲಿಸಿ ತೋರಿಸುವುದಕ್ಕೆ. 1768ರಲ್ಲಿ ಲಂಡನ್ನಿನಲ್ಲಿ ಫಿಲಿಪ್ ಆಸ್ಟ್ಲಿ ಶುರು ಮಾಡಿದ, ಇಂದಿನ ಸರ್ಕಸ್ಸಿನ ಮೂಲವಾದ ಪ್ರದರ್ಶನ ಕುದುರೆಗಳದ್ದು. 1796ರಲ್ಲಿ ಹಡಗಿನ ಕ್ಯಾಪ್ಟನ್ ಒಬ್ಬ ಬಂಗಾಳದಿಂದ ಮರಿಯಾನೆಯೊಂದನ್ನು ನ್ಯೂಯಾರ್ಕಿಗೆ ಒಯ್ದಾಗ ಜನ ಅದನ್ನು ನೋಡುವುದಕ್ಕೇ ದುಡ್ಡು ಕೊಟ್ಟರು. ಜಂಬೋ ಎಂಬ ಆನೆಯ ಕಥೆಯೂ ಅಷ್ಟೇ. 1882ರಲ್ಲಿ ಅಮೆರಿಕದ ಸರ್ಕಸ್ ಮಾಲೀಕ ಪಿ.ಟಿ. ಬಾರ್ನಮ್ ಅದನ್ನು ಲಂಡನ್ ಮೃಗಾಲಯದಿಂದ 10,000 ಡಾಲರ್‌ಗೆ ಕೊಂಡ. ಅದರ ಆಕರ್ಷಣೆ ಆಟಗೀಟವಲ್ಲ, ಬರೀ ಗಾತ್ರ. ಮೂರೇ ವರ್ಷಕ್ಕೆ ಕೆನಡಾದಲ್ಲಿ ರೈಲು ಬಡಿದು ಸತ್ತಿತು.

ಆದರೆ ಒಮ್ಮೆ ಆನೆ ನೋಡಿದವರು ಮತ್ತೆ ಟಿಕೆಟ್ ತೆಗೆದುಕೊಳ್ಳಬೇಕಲ್ಲ? ಹಾಗಾಗಿ ಆನೆ ಸ್ಟೂಲಿನ ಮೇಲೆ ಕೂರಬೇಕಾಯಿತು. ಹಿಂಗಾಲಲ್ಲಿ ನಿಲ್ಲಬೇಕಾಯಿತು. ತಲೆ ನೆಲಕ್ಕೂರಿ ಕಾಲು ಮೇಲೆತ್ತಬೇಕಾಯಿತು. ಕಾಡಿನಲ್ಲೂ ಎತ್ತರದ ಸೊಪ್ಪಿಗಾಗಿ ಆನೆ ಒಂದು ಗಳಿಗೆ ಹಿಂಗಾಲಲ್ಲಿ ಎದ್ದು ನಿಲ್ಲುವುದುಂಟು. ಅದನ್ನೇ ಹೇಳಿದ ಹೊತ್ತಿಗೆ, ದಿನದಿನವೂ, ಮೂವತ್ತು ವರ್ಷ ಮಾಡುವುದು ಬೇರೆ ಲೆಕ್ಕ. ಮೂರು ಟನ್ ಭಾರ ಎರಡೇ ಕಾಲಿನ ಮೇಲೆ ಬೀಳುತ್ತದೆ.

ಪಾಠ ಶುರುವಾಗುವುದು ಮರಿಯನ್ನು ತಾಯಿಯಿಂದ ಬಿಡಿಸುವುದರಿಂದ. ಕಾಡಿನಲ್ಲಿ ಮರಿ ಎರಡು ಮೂರು ವರ್ಷ ಹಾಲು ಕುಡಿಯುತ್ತದೆ. ಹೆಣ್ಣಾದರೆ ಸಾಮಾನ್ಯವಾಗಿ ಬದುಕಿಡೀ ತಾಯಿಯ ಹಿಂಡಿನಲ್ಲೇ ಇರುತ್ತದೆ. 2009ರಲ್ಲಿ ದೊಡ್ಡ ಸರ್ಕಸ್ಸೊಂದರ ಹಳೆಯ ಕೆಲಸಗಾರ ಕೊಟ್ಟ ಫೋಟೋಗಳು ಅಮೆರಿಕದಲ್ಲಿ ಹೊರಬಿದ್ದವು. ಅವುಗಳಲ್ಲಿ ಮರಿಯ ಕಾಲುಗಳಿಗೆ ಹಗ್ಗ, ಸುತ್ತ ನಾಲ್ಕಾರು ಗಂಡಸರು. ಹಗ್ಗ ಎಳೆದು ಮರಿಯನ್ನು ಮಲಗಿಸುತ್ತಾರೆ, ಕೂರಿಸುತ್ತಾರೆ, ಏಳಿಸುತ್ತಾರೆ.

ಹಗ್ಗದ ಜೊತೆ ಅಂಕುಶ. ಮೊಳ ಒಂದೂವರೆ ಮೊಳದ ಕೋಲು, ತುದಿಗೆ ಉಕ್ಕಿನ ಮೊನೆ, ಪಕ್ಕದಲ್ಲಿ ಕೊಕ್ಕೆ. ಆನೆಯ ಚರ್ಮ ದಪ್ಪ ಅನ್ನುತ್ತೇವೆ. ಆದರೆ ನೊಣ ಕೂತರೂ ಅದಕ್ಕೆ ಗೊತ್ತಾಗುತ್ತದೆ. ಕಿವಿಯ ಹಿಂದೆ, ಬಾಯಿಯ ಸುತ್ತ ಚರ್ಮ ತೆಳು, ಅಂಕುಶ ತಾಗಿಸುವ ಜಾಗಗಳಲ್ಲಿ ಇವೂ ಸೇರಿವೆ. ಬೆಳೆದ ಆನೆ ಮನಸ್ಸು ಮಾಡಿದರೆ ಮನುಷ್ಯನನ್ನು ಒಂದೇ ಏಟಿಗೆ ಉರುಳಿಸಬಹುದು. ಆದರೂ ಉರುಳಿಸುವುದಿಲ್ಲ, ಮರಿಯಾಗಿದ್ದಾಗ ಕಲಿತ ಹೆದರಿಕೆ ಹಾಗೇ ಉಳಿದಿರುತ್ತದೆ. ಅದಕ್ಕೇ ತರಬೇತುದಾರನ ಕೈಯಲ್ಲಿ ಅಂಕುಶ ಯಾವಾಗಲೂ ಕಾಣುತ್ತಿರಬೇಕು. ಚುಚ್ಚದಿದ್ದರೂ ಸರಿ.

ಎಲ್ಲರೂ ಕ್ರೂರಿಗಳಾಗಿದ್ದರು ಅಂತ ನಾನು ಹೇಳುತ್ತಿಲ್ಲ. ಆನೆಯ ಪಕ್ಕದಲ್ಲೇ ಮಲಗಿ, ಅದಕ್ಕೆ ಹುಷಾರಿಲ್ಲದಾಗ ಊಟ ಬಿಟ್ಟವರೂ ಈ ಕಸುಬಿನಲ್ಲಿದ್ದರು. ಜರ್ಮನಿಯ ಕಾರ್ಲ್ ಹಾಗೆನ್‌ಬೆಕ್ 19ನೇ ಶತಮಾನದ ಕೊನೆಯಲ್ಲೇ ಹೊಡೆತ ಬಿಟ್ಟು ತಿಂಡಿ ಕೊಟ್ಟು ಪಳಗಿಸುವ ದಾರಿ ತೋರಿಸಿದ್ದ. 1990ರ ದಶಕದಿಂದ ಮೃಗಾಲಯಗಳು ಇನ್ನೂ ಮುಂದೆ ಹೋದವು. ಆನೆಗೂ ಮನುಷ್ಯನಿಗೂ ನಡುವೆ ಗಟ್ಟಿ ಕಂಬಿ ಇರುತ್ತದೆ. ಕೋಲಿನ ತುದಿಯ ಗುರುತಿಗೆ ಪಾದ ಮುಟ್ಟಿಸಿದರೆ ಹಣ್ಣೋ ಗೆಡ್ಡೆಯೋ ಸಿಗುತ್ತದೆ. ಆ ಪಾದವನ್ನು ಕಂಬಿಯ ಸಂದಿಯಿಂದ ಹೊರಗೆ ಚಾಚಿಸಿ ಉಗುರು ತೇಯುತ್ತಾರೆ. ಬೇಡ ಅನಿಸಿದರೆ ಆನೆ ಎದ್ದು ಹೋಗಬಹುದು. ಸರ್ಕಸ್ಸಿನ ಕಷ್ಟ ಇರುವುದು ಇಲ್ಲೇ. ಡೇರೆಯೊಳಗೆ, ಮಕ್ಕಳು ಮುಂದೆ ಕೂತಿರುವಾಗ, ಆನೆ ಬೇಡ ಅಂದು ಹೊರಟರೆ ಏನು ಗತಿ? ಹಾಗಾಗಿ ಒಳ್ಳೆಯ ಮನಸ್ಸಿನ ತರಬೇತುದಾರನೂ ಅಂಕುಶ ಕೆಳಗಿಡಲಾಗುತ್ತಿರಲಿಲ್ಲ.

ಹೆದರಿಕೆ ಮುರಿದು ಬಿದ್ದ ದಿನ ಏನಾಗುತ್ತದೆ ಅನ್ನುವುದಕ್ಕೂ ಚರಿತ್ರೆಯಿದೆ. 1916ರಲ್ಲಿ ಅಮೆರಿಕದ ಟೆನೆಸ್ಸಿಯಲ್ಲಿ ಮೇರಿ ಎಂಬ ಆನೆ, ಆಗಷ್ಟೇ ಕೆಲಸಕ್ಕೆ ಸೇರಿದ್ದ ಆಳನ್ನು ಕೊಂದಿತು. ಅದನ್ನು ರೈಲ್ವೆ ಕ್ರೇನಿಗೆ ನೇತುಹಾಕಿ ಗಲ್ಲಿಗೇರಿಸಿದರು. 1994ರ ಆಗಸ್ಟಿನಲ್ಲಿ ಹೊನೊಲುಲುವಿನಲ್ಲಿ ಟೈಕ್ ಎಂಬ ಆನೆ ಜನರೆದುರೇ ತರಬೇತುದಾರನನ್ನು ಕೊಂದು ಬೀದಿಗೆ ಓಡಿತು. ಪೊಲೀಸರು 80ಕ್ಕೂ ಹೆಚ್ಚು ಗುಂಡು ಹಾರಿಸಿದರು. ಅದರ ವಿಡಿಯೋ ಜಗತ್ತೆಲ್ಲ ಹರಿದಾಡಿತು. ಸರ್ಕಸ್ ಆನೆಯ ಬಗ್ಗೆ ಜನರ ಮನಸ್ಸು ಬದಲಾಗಿದ್ದರಲ್ಲಿ ಆ ದಿನದ ಪಾಲು ಜಾಸ್ತಿ ಅಂತ ನನಗನಿಸುತ್ತದೆ.

ಕೋರ್ಟಿನಲ್ಲಿ ಮಾತ್ರ ಆನೆಗಳಿಗೆ ಗೆಲುವು ಸಿಗಲಿಲ್ಲ. ರಿಂಗ್ಲಿಂಗ್ ಬ್ರದರ್ಸ್ ಸರ್ಕಸ್ ಮೇಲೆ ಪ್ರಾಣಿದಯಾ ಸಂಘಟನೆಗಳು 2000ದಲ್ಲಿ ಹೂಡಿದ ಮೊಕದ್ದಮೆ 2009ರಲ್ಲಿ ಬಿದ್ದುಹೋಯಿತು. ಮುಖ್ಯ ಸಾಕ್ಷಿಗೆ ದುಡ್ಡು ಕೊಡಲಾಗಿತ್ತು ಎಂಬುದು ಬಯಲಾಗಿತ್ತು. ಕೊನೆಗೆ ಸಂಘಟನೆಗಳೇ ಕಂಪನಿಗೆ ಎಲ್ಲ ಸೇರಿ 2.5 ಕೋಟಿ ಡಾಲರ್ ಕಟ್ಟಬೇಕಾಯಿತು. ಆಟ ತಿರುಗಿದ್ದು ಇನ್ನೊಂದು ಕಡೆಯಿಂದ. 2013ರಲ್ಲಿ ಲಾಸ್ ಏಂಜಲೀಸ್ ನಗರ ಆನೆಯನ್ನೇನೂ ನಿಷೇಧಿಸಲಿಲ್ಲ, ಅಂಕುಶವನ್ನು ನಿಷೇಧಿಸಿತು. ಬೇರೆ ಊರುಗಳೂ ಅದೇ ದಾರಿ ಹಿಡಿದವು. ಅಂಕುಶವಿಲ್ಲದೆ ಆನೆ ತರಲಾಗದು ಎಂಬುದು ಅಲ್ಲಿಗೆ ಬೆಳಕಿಗೆ ಬಂತು. ಊರೂರಿಗೆ ಬೇರೆ ಕಾನೂನು ಅಂದರೆ ಸರ್ಕಸ್ಸಿನ ರೈಲು ಹೋಗುವುದೆಲ್ಲಿಗೆ? 2016ರ ಮೇ 1ರಂದು ರಿಂಗ್ಲಿಂಗ್ ಆನೆಗಳು ಕೊನೆಯ ಆಟ ಆಡಿದವು. ಮರುವರ್ಷ ಸರ್ಕಸ್ಸೇ ನಿಂತಿತು. 2023ರಲ್ಲಿ ಪ್ರಾಣಿಗಳಿಲ್ಲದೆ ಮರಳಿತು.

ಭಾರತದಲ್ಲಿ 1998ರ ಆದೇಶ ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳನ್ನು ಸರ್ಕಸ್ಸಿನಿಂದ ಬಿಡಿಸಿತು. ಆ ಪಟ್ಟಿಯಲ್ಲಿ ಆನೆ ಇರಲಿಲ್ಲ! ಮೃಗಾಲಯ ಮತ್ತು ಸರ್ಕಸ್ಸಿನ ಆನೆಗಳನ್ನು ಶಿಬಿರಗಳಿಗೆ ಕಳಿಸಿ ಎಂದು ಕೇಂದ್ರ ಮೃಗಾಲಯ ಪ್ರಾಧಿಕಾರ ಹೇಳಿದ್ದು 2009ರಲ್ಲಿ. ಅದೇ ವರ್ಷ ಬೊಲಿವಿಯಾ ಸರ್ಕಸ್ಸಿನಲ್ಲಿ ಎಲ್ಲ ಪ್ರಾಣಿಗಳನ್ನೂ ನಿಷೇಧಿಸಿತ್ತು. ಫ್ರಾನ್ಸಿನ ಕಾನೂನು 2021ರದ್ದು, ಊರೂರು ಸುತ್ತುವ ಸರ್ಕಸ್ಸುಗಳಿಗೆ 2028ರ ಗಡುವು ಕೊಟ್ಟಿದೆ.

ಹಾಗಾದರೆ ಆನೆಗೆ ಯಾವ ವಯಸ್ಸಿನಲ್ಲಿ ಬಿಡುಗಡೆ? ಮ್ಯಾನ್ಮಾರ್‌ನಲ್ಲಿ ದಿಮ್ಮಿ ಎಳೆಯುವ ಸರ್ಕಾರಿ ಆನೆಗಳಿಗೆ 50 ದಾಟಿದ ಮೇಲೆ ನಿವೃತ್ತಿ ಕೊಡುವ ಪದ್ಧತಿಯಿದೆ. ಸರ್ಕಸ್ಸಿಗೆ ಅಂಥದ್ದೂ ಇರಲಿಲ್ಲ. ಆದರೆ ನನ್ನ ಪ್ರಕಾರ ವಯಸ್ಸಿಗಿಂತ ಮೊದಲು ನೋಡಬೇಕಾದ್ದು ಪಾದ. ಆನೆಯ ಅಂಗಾಲಿನಲ್ಲಿ ಕೊಬ್ಬಿನ ಮೆತ್ತೆಯಿದೆ. ಮೆತ್ತಗಿನ ನೆಲದ ಮೇಲೆ ಮೈಲಿಗಟ್ಟಲೆ ನಡೆದರೆ ಅದು ಚೆನ್ನಾಗಿರುತ್ತದೆ. ಸರಪಳಿ ಬಿಗಿಸಿಕೊಂಡು ಕಾಂಕ್ರೀಟಿನ ಮೇಲೆ ಗಂಟೆಗಟ್ಟಲೆ ನಿಂತರೆ ಉಗುರು ಸೀಳುತ್ತದೆ, ಕೀವು ತುಂಬುತ್ತದೆ, ಕೀಲು ಸವೆಯುತ್ತದೆ. ಇದು ಎಷ್ಟೋ ಆನೆಗಳಿಗೆ ಮೂವತ್ತು ನಲವತ್ತರಲ್ಲೇ ಶುರುವಾಗುತ್ತದೆ. ಆಮೇಲೆ ಹಲ್ಲು. ಆನೆಗೆ ಬದುಕಿನಲ್ಲಿ ಆರು ಸಲ ದವಡೆಹಲ್ಲು ಬರುತ್ತದೆ, ಆರನೆಯದು ಸವೆದ ಮೇಲೆ ಮತ್ತೆ ಬರುವುದಿಲ್ಲ. ಅಲ್ಲಿಯವರೆಗೆ ಆಡಿಸಿ ಬಿಟ್ಟರೆ ಅದು ನಿವೃತ್ತಿಯಲ್ಲ, ಕೈ ತೊಳೆದುಕೊಳ್ಳುವುದು.

ಇನ್ನು ಖರ್ಚು. 2019ರಲ್ಲಿ ಡೆನ್ಮಾರ್ಕ್ ಸರ್ಕಾರ ತನ್ನ ಕೊನೆಯ ನಾಲ್ಕು ಸರ್ಕಸ್ ಆನೆಗಳನ್ನು 1.1 ಕೋಟಿ ಕ್ರೋನರ್ ಕೊಟ್ಟು ಕೊಂಡಿತು. ಅವುಗಳಲ್ಲಿ ರಾಂಬೊಲೀನ್‌ಗೆ ಇದ್ದ ಗೆಳೆಯ ಒಂದು ಒಂಟೆ. ಆನೆ ಜೊತೆಗೆ ಇಲ್ಲದಾಗ ಆನೆ ಒಂಟೆಯನ್ನಾದರೂ ಹಚ್ಚಿಕೊಳ್ಳುತ್ತದೆ. ಹೊಟ್ಟೆಗೆ ಹಾಕಿದರೆ ಸಾಲದು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಾ?

ಟೆನೆಸ್ಸಿಯಲ್ಲಿ 1995ರಲ್ಲಿ ಆನೆಗಳಿಗೆಂದೇ ಒಂದು ಆಶ್ರಯಧಾಮ ಶುರುವಾಯಿತು. ಅದನ್ನು ಕಟ್ಟಿದ ಇಬ್ಬರಲ್ಲಿ ಒಬ್ಬರಾದ ಕ್ಯಾರಲ್ ಬಕ್ಲಿ, ತಮ್ಮ ಆನೆ ಟಾರಾಗೆ ಚಕ್ರದ ಬೂಟು ತೊಡಿಸಿ ಸ್ಕೇಟಿಂಗ್ ಮಾಡಿಸಿದ್ದವರು. ಅದೆಲ್ಲ ಬಿಟ್ಟು ಟಾರಾಳನ್ನೇ ಅಲ್ಲಿನ ಮೊದಲ ಆನೆಯಾಗಿ ತಂದರು.

1999ರ ಜುಲೈನಲ್ಲಿ ಶರ್ಲಿ ಅಲ್ಲಿಗೆ ಬಂದಳು. ಸಂಜೆ ಜೆನ್ನಿ ಎಂಬ ಆನೆ ಪಕ್ಕದ ಕೊಟ್ಟಿಗೆಗೆ ಬಂತು. ಎರಡು ದಶಕಕ್ಕೂ ಹಿಂದೆ, ಜೆನ್ನಿ ಮರಿಯಾಗಿದ್ದಾಗ, ಇಬ್ಬರೂ ಕೆಲಕಾಲ ಒಂದೇ ಸರ್ಕಸ್ಸಿನಲ್ಲಿದ್ದರು. ಸೊಂಡಿಲು ಚಾಚಿ ಮುಟ್ಟಿಕೊಂಡರು, ಘೀಳಿಟ್ಟರು, ಹತ್ತಿರ ಬರಲು ನೂಕಿದ ರಭಸಕ್ಕೆ ನಡುವಿನ ಉಕ್ಕಿನ ಕಂಬಿ ಬಗ್ಗಿತು. ಬಾಗಿಲು ತೆಗೆದ ಮೇಲೆ ಇಬ್ಬರೂ ಜೊತೆ ಬಿಡಲಿಲ್ಲ. ಜೆನ್ನಿ 2006ರಲ್ಲಿ ತೀರಿಕೊಂಡಳು. ಸೊಟ್ಟ ಕಾಲಿನ ಶರ್ಲಿ ಆ ಹುಲ್ಲುಗಾವಲಿನಲ್ಲಿ 2021ರವರೆಗೆ ಬದುಕಿದ್ದಳು.