ಸ್ನೀಕರ್ ಕೊಳ್ಳುವ ಮೊದಲು ಅಟ್ಟೆ ತಿರುವಿ ನೋಡಿ

ಸ್ನೀಕರ್ ಚೆಂದ ಕಾಣಲು ಹೆಚ್ಚು ದುಡ್ಡು ಬೇಕಿಲ್ಲ. ಸರಳ ಆಕಾರ, ಒಂದೆರಡು ಬಣ್ಣ, ಅಚ್ಚುಕಟ್ಟಾದ ಅಂಚು ಇದ್ದರೆ ಸಾಕು, ಕಾರ್ಖಾನೆಗೆ ಇದರಿಂದ ವಿಶೇಷ ಖರ್ಚೇನೂ ಬೀಳುವುದಿಲ್ಲ. ಖರ್ಚು ಬೀಳುವುದು ಅಟ್ಟೆಯ ರಬ್ಬರ್‌ಗೆ, ನಡುವಿನ ಫೋಮ್‌ಗೆ, ಹೊಲಿಗೆಗೆ. ಬೆಲೆ ಇಳಿಸಬೇಕಾದಾಗ ತಯಾರಕರು ಕತ್ತರಿ ಹಾಕುವುದೂ ಅಲ್ಲಿಗೇ. ಗಿರಾಕಿ ಅಲ್ಲಿ ನೋಡುವುದಿಲ್ಲವೆಂಬುದು ಅವರಿಗೆ ಗೊತ್ತು.

ಆದ್ದರಿಂದ ಶೂ ಕೈಗೆತ್ತಿಕೊಂಡ ಕೂಡಲೇ ತಲೆಕೆಳಗು ಮಾಡಿ. ಅಟ್ಟೆಯನ್ನು ಉಗುರಿನಿಂದ ಒತ್ತಿ. ಉಗುರು ಸಲೀಸಾಗಿ ಇಳಿದು ಗುರುತು ಉಳಿದರೆ ಅದು ಬಹುಮಟ್ಟಿಗೆ ಬರೀ ಈವಿಎ ಎಂಬ ಪ್ಲಾಸ್ಟಿಕ್‌ನ ಫೋಮ್. ಹಗುರ, ಮೆತ್ತಗೆ, ಅಗ್ಗ ಎಲ್ಲವೂ ಹೌದು. ಆದರೆ ನೆಲಕ್ಕೆ ನೇರವಾಗಿ ಉಜ್ಜಿದರೆ ಬೇಗ ಸವೆಯುತ್ತದೆ, ಒದ್ದೆ ನೆಲದ ಮೇಲೆ ಜಾರುತ್ತದೆ. ಹೆಚ್ಚಿನವರಿಗೆ ಮೊದಲು ಸವೆಯುವುದು ಹಿಮ್ಮಡಿಯ ಹೊರ ಅಂಚು. ಅಲ್ಲಿ ಮತ್ತು ಮುಂಗಾಲಿನ ಅಡಿಯಲ್ಲಾದರೂ ರಬ್ಬರ್ ತುಂಡು ಕೂರಿಸಿರಬೇಕು. ಅಷ್ಟೂ ಇಲ್ಲದ ಜೋಡಿ ಎಷ್ಟೇ ಅಗ್ಗವಾದರೂ ದುಬಾರಿಯೇ.

ಅಟ್ಟೆಯನ್ನು ಮೇಲ್ಭಾಗಕ್ಕೆ ಕೂಡಿಸುವ ಬಗೆ ಮುಖ್ಯವಾಗಿ ಮೂರು. ಕ್ಯಾನ್ವಾಸ್ ಶೂಗಳಲ್ಲಿ ಸುತ್ತಲೂ ರಬ್ಬರ್ ಪಟ್ಟಿ ಸುತ್ತಿ, ಇಡೀ ಶೂವನ್ನೇ ಒಲೆಯಲ್ಲಿ ಕಾಯಿಸಿ ಗಟ್ಟಿ ಮಾಡುತ್ತಾರೆ. ಇದು ವಲ್ಕನೈಸ್ಡ್ ಅಟ್ಟೆ. 1917ರಲ್ಲಿ ಬಂದ ಕಾನ್ವರ್ಸ್ ಆಲ್ ಸ್ಟಾರ್ ಇಂದಿಗೂ ಈ ಬಗೆಯದೇ. ಚೆನ್ನಾಗಿ ಬಾಗುತ್ತದೆ, ನೋಡಲು ತೆಳ್ಳಗಿರುತ್ತದೆ, ಆದರೆ ದಿನವಿಡೀ ನಿಂತು ಕೆಲಸ ಮಾಡುವವರ ಹಿಮ್ಮಡಿಗೆ ಆಸರೆ ಸಾಲದು. ಎರಡನೆಯದು ಕಪ್‌ಸೋಲ್: ಬಟ್ಟಲಿನಂತೆ ಅಂಚೆದ್ದ ರಬ್ಬರ್ ಅಟ್ಟೆಯೊಳಗೆ ಮೇಲ್ಭಾಗವನ್ನು ಕೂರಿಸಿ, ಅಂಟು ಹಾಕಿ, ಸುತ್ತಲೂ ಹೊಲಿಯುತ್ತಾರೆ. ತುಸು ಭಾರ, ಬಾಳಿಕೆ ಹೆಚ್ಚು. ದಿನಬಳಕೆಗೆ ನಮ್ಮ ಮೊದಲ ಆಯ್ಕೆ ಇದೇ. ಮೂರನೆಯದು ಬರೀ ಅಂಟಿನ ಅಟ್ಟೆ. ಓಟದ ಶೂಗಳೆಲ್ಲ ಹೆಚ್ಚಾಗಿ ಹೀಗೇ ಇರುವುದರಿಂದ ಅಂಟೆಂದರೆ ಕಳಪೆ ಎನ್ನುವಂತಿಲ್ಲ.

ಮೋಸ ನಡೆಯುವುದು ಕಪ್‌ಸೋಲ್‌ನಲ್ಲಿ. ಅಂಚಿನಲ್ಲಿ ಕಾಣುವ ಹೊಲಿಗೆ ಎಷ್ಟೋ ಸಲ ಅಚ್ಚಿನಲ್ಲೇ ಮೂಡಿಸಿದ ನಕಲಿ ಗೆರೆ, ಇಲ್ಲವೇ ರಬ್ಬರ್‌ನ ಅಂಚಿನಲ್ಲಷ್ಟೇ ಹಾದುಹೋಗುವ ಅಲಂಕಾರದ ದಾರ. ಕಂಡುಹಿಡಿಯುವುದು ಸುಲಭ. ಇನ್‌ಸೋಲ್ (ಪಾದದಡಿಯ ಒಳಹಾಸು) ಎತ್ತಿ ಒಳಗಿನ ಅಂಚನ್ನು ನೋಡಿ. ನಿಜವಾದ ಹೊಲಿಗೆಯ ದಾರ ಅಲ್ಲಿ ಸಾಲಾಗಿ ಕಾಣುತ್ತದೆ. ಇನ್‌ಸೋಲ್ ಅಂಟಿಸಿದ್ದರೆ ಅಂಚಿಗೆ ಬೆರಳಾಡಿಸಿ, ಗಂಟುಗಂಟಾಗಿ ಕೈಗೆ ಸಿಕ್ಕಬಹುದು.

ಇನ್ನು ಎರಡೇ ಪರೀಕ್ಷೆ. ಶೂವಿನ ಮೂತಿ ಮತ್ತು ಹಿಂಬದಿ ಹಿಡಿದು ಬಾಗಿಸಿ: ಬೆರಳುಗಳ ಬುಡ ಬರುವ ಜಾಗದಲ್ಲಿ ಬಾಗಬೇಕು, ನಟ್ಟನಡುವೆ ಮಡಚಿಕೊಂಡರೆ ಪಾದಕ್ಕೆ ಆಸರೆ ಇಲ್ಲ. ಹಿಮ್ಮಡಿಯ ಗೋಡೆಯನ್ನು ಎರಡೂ ಪಕ್ಕದಿಂದ ಹಿಸುಕಿ: ರಟ್ಟಿನಂತೆ ಕುಸಿದರೆ ಕೆಲವೇ ತಿಂಗಳಲ್ಲಿ ಒಂದು ಕಡೆಗೆ ವಾಲುತ್ತದೆ.

ಶೂ ಎಷ್ಟೇ ಗಟ್ಟಿಯಿದ್ದರೂ ಅಳತೆ ತಪ್ಪಿದರೆ ಮೂಲೆ ಸೇರುತ್ತದೆ. ಪಾದವನ್ನು ಸಂಜೆ ಅಳೆಯಿರಿ, ದಿನವಿಡೀ ಓಡಾಡಿದ ಮೇಲೆ ಅದು ಸ್ವಲ್ಪ ಊದಿರುತ್ತದೆ. ಗೋಡೆಗೆ ತಾಗಿಸಿ ಹಾಳೆ ಹಾಸಿ, ಕಾಲುಚೀಲ ಹಾಕಿಕೊಂಡು, ಹಿಮ್ಮಡಿಯನ್ನು ಗೋಡೆಗೆ ಒತ್ತಿ, ಪೂರ್ತಿ ಭಾರ ಬಿಟ್ಟು ನಿಲ್ಲಿ. ಅತಿ ಉದ್ದದ ಬೆರಳಿನ ತುದಿಗೆ ಗುರುತು ಹಾಕಿ. ಅದು ಹೆಬ್ಬೆರಳೇ ಆಗಿರಬೇಕೆಂದಿಲ್ಲ. ಎರಡೂ ಪಾದ ಅಳೆದು ದೊಡ್ಡದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಬೆರಳಿನ ಮುಂದೆ 10ರಿಂದ 12 ಮಿಲಿಮೀಟರ್ ಜಾಗ ಬೇಕು. ಲೇಸಿನ ಅಡಿಯ ನಾಲಗೆಯ ಒಳಗಿನ ಚೀಟಿಯಲ್ಲಿ ಸೆಂಟಿಮೀಟರ್ ಅಂಕಿ ಇದ್ದರೆ ಅದು ಸಾಮಾನ್ಯವಾಗಿ ಪಾದದ ಉದ್ದವೇ, ಅದರ ಮೇಲೆ ಮತ್ತೆ ಜಾಗ ಕೂಡಿಸಬೇಡಿ. ಮಾರುವವರು ‘ಇನ್‌ಸೋಲ್ ಉದ್ದ’ ಎಂದು ಕೊಟ್ಟಿದ್ದರೆ ಮಾತ್ರ ಕೂಡಿಸಬೇಕು. ಆನ್‌ಲೈನ್‌ನಲ್ಲಿ ಕೊಂಡು ವಾಪಸು ಕಳಿಸುವವರಲ್ಲಿ ಬಹಳ ಮಂದಿ ಎಡವುವುದು ಇಲ್ಲೇ. ಬ್ರಿಟಿಷ್ ಅಳತೆಯಲ್ಲಿ ಒಂದು ಸೈಜಿನಿಂದ ಮುಂದಿನದಕ್ಕೆ ಸುಮಾರು 8.5 ಮಿಲಿಮೀಟರ್, ಯುರೋಪಿನ ಅಳತೆಯಲ್ಲಿ 6.7. ಹೀಗಿರುವಾಗ ಹೋಲಿಕೆ ಪಟ್ಟಿಗಳು ಒಂದಕ್ಕೊಂದು ಸರಿಯಾಗಿ ತಾಳೆಯಾಗುವುದು ಹೇಗೆ? ಸೆಂಟಿಮೀಟರನ್ನೇ ನಂಬಿ.

ಅಗಲ ಸಾಲದೆಂದು ಒಂದು ಸೈಜು ಉದ್ದದ್ದು ಕೊಳ್ಳುವುದು ತಪ್ಪು. ಶೂ ಬಾಗುವ ಜಾಗ ಮುಂದಕ್ಕೆ ಸರಿದು ಪಾದದ ಮಡಿಕೆಗೆ ಹೊಂದುವುದಿಲ್ಲ, ಹಿಮ್ಮಡಿ ಮೇಲೆ ಕೆಳಗೆ ಆಡಿ ಗುಳ್ಳೆ ಏಳುತ್ತದೆ. ಇನ್‌ಸೋಲ್ ಹೊರತೆಗೆದು ಅದರ ಮೇಲೆ ನಿಂತು ನೋಡಿ, ಕಿರುಬೆರಳು ಅಂಚು ದಾಟಿ ಹೊರಬಂದರೆ ಆ ಮಾಡೆಲ್ಲೇ ನಿಮಗಲ್ಲ. ಕಚ್ಚುವ ಶೂ ಹಾಕುತ್ತಾ ಹೋದಂತೆ ಸಡಿಲವಾಗುತ್ತದೆಂಬ ಮಾತು ಚರ್ಮಕ್ಕೆ ಅಷ್ಟಿಷ್ಟು ಒಪ್ಪುತ್ತದೆ, ಸಿಂಥೆಟಿಕ್‌ಗೆ ಒಪ್ಪುವುದಿಲ್ಲ.

ಚರ್ಮವೋ ಅಲ್ಲವೋ ತಿಳಿಯಲು ಚೀಟಿಯ ಚಿತ್ರ ನೋಡಿ. ಯುರೋಪಿನ 1994ರ ನಿಯಮದಿಂದ ಬಂದ ಗುರುತುಗಳು ಬೇರೆ ಕಡೆ ಮಾರುವ ಶೂಗಳಲ್ಲೂ ಕಾಣುತ್ತವೆ. ಹರಡಿದ ತೊಗಲಿನ ಆಕಾರವೆಂದರೆ ಚರ್ಮ, ಅದರೊಳಗೆ ಓರೆ ಚೌಕವಿದ್ದರೆ ಲೇಪನ ಬಳಿದ ಚರ್ಮ, ಹೆಣೆದ ಜಾಲರಿ ಬಟ್ಟೆ, ಬರೀ ಓರೆ ಚೌಕ ಇತರ ವಸ್ತು. ಶೂವಿನ ಆಯಾ ಭಾಗದ ಕನಿಷ್ಠ 80% ಯಾವ ವಸ್ತುವಿದೆಯೋ ಅದರ ಗುರುತು ಹಾಕಬೇಕೆಂಬುದು ನಿಯಮ. ಅಗ್ಗದ ಸಿಂಥೆಟಿಕ್ ಶೂ ಹೊಸದರಲ್ಲಿ ಚರ್ಮಕ್ಕಿಂತ ಮಿರುಗುತ್ತದೆ, ಆಮೇಲೆ ಬೆರಳಿನ ಮಡಿಕೆಯಲ್ಲಿ ಸಿಪ್ಪೆ ಏಳುತ್ತದೆ. ಅದೇ ಬೆಲೆಗೆ ಒಳ್ಳೆಯ ಕ್ಯಾನ್ವಾಸ್ ಸಿಕ್ಕರೆ ಅದೇ ಲೇಸು.

ಬಣ್ಣದ ವಿಷಯದಲ್ಲಿ ಅಚ್ಚ ಬಿಳಿಗೆ ಅನಗತ್ಯ ಮರ್ಯಾದೆ ಸಿಕ್ಕಿದೆ. ಕೆನೆಬಣ್ಣ ಅಥವಾ ತಿಳಿ ಬೂದು ಕೂಡ ಬಿಳಿಯಷ್ಟೇ ಉಡುಪುಗಳಿಗೆ ಹೊಂದುತ್ತದೆ, ಹಳದಿಯಾದರೂ ಎದ್ದು ಕಾಣುವುದಿಲ್ಲ. ಜೇನು ಬಣ್ಣದ ರಬ್ಬರ್ ಅಟ್ಟೆ (ಗಮ್ ಸೋಲ್) ಕೊಳೆ ಮುಚ್ಚುವುದರಲ್ಲಿ ಇನ್ನೂ ಜಾಣ.

ದುಡ್ಡು ಉಳಿಸುವ ನಿಜವಾದ ದಾರಿ ಹಿಂದಿನ ಋತುವಿನ ಬಣ್ಣ: ಅದೇ ಅಚ್ಚು, ಅದೇ ಅಟ್ಟೆ, ಬೆಲೆ ಮಾತ್ರ ಕಡಿಮೆ. ಪಾದ ಚಿಕ್ಕದಿರುವ ಹೆಂಗಸರು ದೊಡ್ಡ ಮಕ್ಕಳ ಸೈಜು ನೋಡಬಹುದು. ಅಮೆರಿಕದ ಅಳತೆಯಲ್ಲಿ ಮಕ್ಕಳ 6 ಸುಮಾರಾಗಿ ಹೆಂಗಸರ 7.5. ಆದರೆ ತೀರಾ ಹಳೆಯ ಸರಕು ಬೇಡ. ಕೆಲವು ಶೂಗಳ ನಡುವಿನ ಪದರಕ್ಕೆ ಬಳಸುವ ಪಾಲಿಯುರೆಥೇನ್ ಫೋಮ್ ಗಾಳಿಯ ತೇವ ಹೀರಿ ವರ್ಷಗಳಲ್ಲಿ ಒಳಗಿಂದೊಳಗೇ ಶಿಥಿಲವಾಗುತ್ತದೆ. ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟ ಹೊಸ ಜೋಡಿ ಹಾಕಿದ ದಿನವೇ ಪುಡಿಪುಡಿಯಾಗುವುದು ಇದರಿಂದಲೇ. ಚೀಟಿಯಲ್ಲಿ ತಯಾರಿಕೆಯ ತಿಂಗಳು ಅಚ್ಚಾಗಿದೆಯೇ ನೋಡಿಕೊಳ್ಳಿ.

ಕೊಂಡ ಮೇಲೆ, ಒಂದು ದಿನ ಹಾಕಿದ ಶೂಗೆ ಮರುದಿನ ಬಿಡುವು ಕೊಡಿ, ಬೆವರು ಆರಲಿ. ಬಿಸಿನೀರು, ಡ್ರೈಯರ್, ಸುಡುಬಿಸಿಲು ಮೂರೂ ಅಂಟನ್ನು ಸಡಿಲಿಸುತ್ತವೆ. ಅಟ್ಟೆ ಬಾಯಿ ಬಿಟ್ಟರೆ ಸೂಪರ್ ಗ್ಲೂ ಹಾಕಬೇಡಿ, ಒಣಗಿದ ಮೇಲೆ ಅದು ಗಾಜಿನಂತೆ ಗಡುಸಾಗಿ ಬಾಗುವ ಜಾಗದಲ್ಲಿ ಸೀಳುತ್ತದೆ. ಹಳೆ ಅಂಟು ಕೆರೆದು, ಎರಡೂ ಮೈಗೆ ಉಪ್ಪುಕಾಗದ ತಿಕ್ಕಿ, ಧೂಳು ಒರೆಸಿ, ಶೂಗೆಂದೇ ಸಿಗುವ ಬಾಗುವ ಅಂಟನ್ನು ಎರಡೂ ಕಡೆ ತೆಳ್ಳಗೆ ಬಳಿಯಿರಿ. ಪೊಟ್ಟಣದಲ್ಲಿ ಹೇಳಿದಷ್ಟು ಹೊತ್ತು ಆರಲು ಬಿಟ್ಟು, ಬೆರಳಿಗೆ ಜಿಗಟು ಹತ್ತುವಾಗ ಒತ್ತಿ ಕೂಡಿಸಿ, ರಬ್ಬರ್ ಪಟ್ಟಿ ಬಿಗಿದು 24 ಗಂಟೆ ಮುಟ್ಟದೆ ಇಡಿ.